ತಲೆಗೆ ಬಿದ್ದ ಪೆಟ್ಟಿಗೆ ಹೊಣೆ ಯಾರು?

2010ರ ಮಾರ್ಚ್ 7. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪಂದ್ಯವೊಂದರಲ್ಲಿ ಬಾಸ್ಟನ್ ತಂಡದ ಮಾರ್ಕ್ ಸವಾರ್ಡ್ ಆಗಷ್ಟೇ ಗೋಲಿನತ್ತ ಪಕ್ ಬಾರಿಸಿದ್ದರು; ಪಕ್ಕದಿಂದ ನುಗ್ಗಿದ ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್ ಅವರ ಪೆಟ್ಟು ನೇರ ತಲೆಗೆ ಬಿತ್ತು. ರೆಫರಿ ಸೀಟಿ ಊದಲಿಲ್ಲ, ಲೀಗ್ ಅಮಾನತು ಮಾಡಲಿಲ್ಲ. ಅದನ್ನು ತಪ್ಪೆನ್ನುವ ನಿಯಮವೇ ಆಗ ಇರಲಿಲ್ಲ! ಆ ಪೆಟ್ಟು ಎಬ್ಬಿಸಿದ ಗದ್ದಲದ ನಂತರವೇ ಎನ್‌ಎಚ್‌ಎಲ್‌ನಲ್ಲಿ ತಲೆಗೆ ಗುರಿಯಿಡುವುದನ್ನು ತಡೆಯುವ 48ನೇ ನಿಯಮ ಬಂತು. ಸವಾರ್ಡ್ ಅವರ ಆಟ ಮಾತ್ರ ಮರುವರ್ಷವೇ ಮುಗಿಯಿತು.

ಢಿಕ್ಕಿಯೇ ಈ ಆಟದ ಜೀವಾಳ, ಅಪಾಯ ಗೊತ್ತಿದ್ದೇ ಆಡುತ್ತಾರೆ ಎನ್ನುವವರಿದ್ದಾರೆ. ಆದರೆ 48ನೇ ನಿಯಮ ಬಂದ ಮೇಲೂ ಮೈಗೆ ಮೈ ಕೊಟ್ಟು ಆಡುವುದು ನಿಂತಿಲ್ಲ. ನಿಲ್ಲಬೇಕಾದದ್ದು ತಲೆಗೆ ಬೀಳುವ ಪೆಟ್ಟು ಮಾತ್ರ. ಇನ್ನು ಅಪಾಯದ ಮಾತು: ಅದನ್ನು ತಮಗೆ ಸರಿಯಾಗಿ ತಿಳಿಸಲೇ ಇಲ್ಲವೆಂದು ನಿವೃತ್ತ ಆಟಗಾರರೇ ಕೋರ್ಟಿಗೆ ಹೋದರು. 2018ರಲ್ಲಿ ಲೀಗ್ 1.89 ಕೋಟಿ ಡಾಲರ್‌ಗೆ ರಾಜಿಗೆ ಬಂತು, ಹೊಣೆ ಮಾತ್ರ ಒಪ್ಪಲಿಲ್ಲ. ಹಾಗಾದರೆ ಹೊಣೆ ಯಾರದು? ತಲೆಗೆ ಹೊಡೆದು ಅಮಾನತಾದ ಆಟಗಾರ ಸಂಬಳ ಕಳೆದುಕೊಳ್ಳುತ್ತಾನೆ, ಸರಿಯೇ. ಆದರೆ ಅವನ ಒರಟುತನವನ್ನೇ ನೆಚ್ಚಿ ಕಣಕ್ಕಿಳಿಸುವ ಕ್ಲಬ್ಬಿಗೂ ದಂಡ ಬೀಳಬೇಕು. ಕೋಚ್‌ಗೆ, ಮಾಲೀಕರಿಗೆ ಬಿಸಿ ಮುಟ್ಟದೆ ನಿಯಮ ಎಷ್ಟು ಬಂದರೂ ತಲೆಗಳು ಉಳಿಯವು.