ಬೆಕ್ಕಿಗೆ ಬಾಗಿಲು ಹಾಕಿದ ಮೇಲೆ

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ನಮ್ಮ ಗೇಟಿನ ಮುಂದೆ ಬಂದು ನಿಂತರು. ಕೈಯಲ್ಲಿ ಸತ್ತ ಎರಡು ಕೋಳಿಮರಿಗಳಿದ್ದವು. ಅವರು ಬೈಯಲಿಲ್ಲ. ಮರಿಗಳನ್ನು ನಮ್ಮ ಜಗಲಿಯ ಮೇಲಿಟ್ಟು ಅಮ್ಮಿಯ ಕಡೆ ನೋಡಿ, "ಬೂಬಮ್ಮ, ಕೊತ್ತಿ ಸಾಕೋರು ನೀವು. ಅದು ಉಣ್ಣೋದು ಮಾತ್ರ ನಮ್ಮನೇಲಿ. ಇದ್ಯಾವ ನ್ಯಾಯ?" ಎಂದು ಕೇಳಿದರು. ಅಮ್ಮಿಯ ಬಳಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಇರಲಿಲ್ಲ. ಮುನ್ನಿ ಮಾತ್ರ ಕಿಟಕಿಯಲ್ಲಿ ಕುಳಿತು ಏನೂ ಅರಿಯದಂತೆ ಮುಂಗಾಲು ನೆಕ್ಕಿಕೊಳ್ಳುತ್ತಿತ್ತು.

ನಾವಿರುವ ಸತ್ಯಮಂಗಲ ಈಗ ತುಮಕೂರು ನಗರದ ಭಾಗ. ಆದರೆ ಹಳ್ಳಿ ಇಲ್ಲಿಂದ ಪೂರ್ತಿ ಎದ್ದುಹೋಗಿಲ್ಲ. ಕೆಲವು ಮನೆಗಳ ಹಿತ್ತಲಲ್ಲಿ ಹಸುವಿದೆ, ಕೋಳಿಗಳಿವೆ. ಖಾಲಿ ಸೈಟುಗಳಲ್ಲಿ ಟಿಟ್ಟಿಭ ಹಕ್ಕಿ ಬರಿ ನೆಲದ ಮೇಲೆ ಮೊಟ್ಟೆಯಿಟ್ಟು, ಹತ್ತಿರ ಹೋದವರ ತಲೆಯ ಮೇಲೆ ಕಿರುಚುತ್ತಾ ಹಾರಾಡುತ್ತದೆ. ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ, ಗೋದಾಮುಗಳು, ಹಗಲು ರಾತ್ರಿಯೆನ್ನದೆ ಓಡಾಡುವ ಲಾರಿಗಳು. ಬೆಕ್ಕೊಂದು ಹೊಸ್ತಿಲು ದಾಟಿದರೆ ಈ ಎರಡೂ ಲೋಕಗಳ ನಡುವೆಯೇ ಅದರ ತಿರುಗಾಟ.

ಮುನ್ನಿಗಿಂತ ಮೊದಲು ನಮ್ಮಲ್ಲಿ ಭೂರಿ ಎಂಬ ಕಂದು ಬಣ್ಣದ ಬೆಕ್ಕಿತ್ತು. ಒಂದು ಸಂಜೆ ಬಾಯಲ್ಲಿ ಜೊಲ್ಲು ಸುರಿಸುತ್ತಾ ಮನೆಗೆ ಬಂತು, ಬೆಳಗಾಗುವುದರೊಳಗೆ ಸತ್ತುಹೋಯಿತು. ವಿಷ ತಿಂದ ಇಲಿಯನ್ನು ತಿಂದಿರಬೇಕು ಎಂದರು ಪಶುವೈದ್ಯರು. ವಿಷ ಇಟ್ಟವರು ಯಾರೆಂದು ತಿಳಿಯಲಿಲ್ಲ. ತಿಳಿದಿದ್ದರೂ ಹೋಗಿ ಏನೆಂದು ಹೇಳುವುದು? ಮೂಟೆಗೆ ತೂತು ಕೊರೆಯುವ ಇಲಿಗೆ ವಿಷ ಇಡುವವನಿಗೆ ನಮ್ಮ ಬೆಕ್ಕಿನ ಮೇಲೇನೂ ಹಗೆಯಿರಲಿಲ್ಲ. ಮಗಳು ಮಾತ್ರ ಎರಡು ದಿನ ಊಟ ಮಾಡಲಿಲ್ಲ.

ಆದ್ದರಿಂದ ಕೋಳಿಮರಿಗಳ ಘಟನೆಯಾದ ದಿನವೇ ನಾವು ತೀರ್ಮಾನಿಸಿಬಿಟ್ಟೆವು: ಇನ್ನು ಮುಂದೆ ಮುನ್ನಿ ಹೊರಗೆ ಹೋಗಕೂಡದು. ಅದಕ್ಕೂ ಕ್ಷೇಮ, ನೆರೆಯವರಿಗೂ ಕ್ಷೇಮ. ವಿರೋಧ ಬಂದದ್ದು ಅಮ್ಮಿಯಿಂದ.

ಅಮ್ಮಿ ಹುಟ್ಟಿ ಬೆಳೆದದ್ದು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ತೆಂಗಿನ ತೋಟದ ಮನೆಯಲ್ಲಿ. ಉಂಡೆ ಕೊಬ್ಬರಿ ಮಾಡುವ ಕ್ರಮ ನಮ್ಮ ಜಿಲ್ಲೆಯವರಿಗೆ ಗೊತ್ತೇ ಇದೆ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಅದು ತಿಪಟೂರಿನ ಮಾರುಕಟ್ಟೆಗೆ ಹೋಗುವ ಮಾಲು. ಅಷ್ಟು ತಿಂಗಳು ಅದನ್ನು ಇಲಿಗಳಿಂದ ಕಾಯುವವರು ಯಾರು? ಅಮ್ಮಿಯ ತವರಿನಲ್ಲಿ ಆ ಕೆಲಸ ಬೆಕ್ಕಿನದು. ಅದಕ್ಕೆ ಹೆಸರಿರಲಿಲ್ಲ, ಹಾಸಿಗೆಯಿರಲಿಲ್ಲ. ಸಂಜೆ ಒಂದು ಚಿಪ್ಪಿನಲ್ಲಿ ಹಾಲು-ಅನ್ನ ಇಡುತ್ತಿದ್ದರು, ಅಷ್ಟೇ. ಉಳಿದದ್ದನ್ನು ಅದು ತಾನೇ ನೋಡಿಕೊಳ್ಳುತ್ತಿತ್ತು. "ಬೆಕ್ಕನ್ನು ಯಾರಾದರೂ ಕೂಡಿಹಾಕುತ್ತಾರೇನು? ಅದೇನು ಗಿಳಿಯೇ?" ಎಂಬುದು ಅಮ್ಮಿಯ ಪ್ರಶ್ನೆ.

ಅಮ್ಮಿ ಅಷ್ಟಕ್ಕೇ ಬಿಡಲಿಲ್ಲ. ಬೆಕ್ಕೊಂದನ್ನು ಕೂಡಿಹಾಕಿ ಸಾಯಿಸಿದ ಹೆಂಗಸು ಅದೇ ಕಾರಣಕ್ಕೆ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ಹೇಳಿದ ಹದೀಸನ್ನು ನೆನಪಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಪ್ರಸಿದ್ಧ ಹದೀಸ್ ಅದು. ನಮ್ಮ ಬಳಿ ಉತ್ತರ ಸಿದ್ಧವಾಗಿತ್ತು. ಆಕೆ ಶಿಕ್ಷೆಗೆ ಒಳಗಾದದ್ದು ಕೂಡಿಹಾಕಿದ್ದಕ್ಕಷ್ಟೇ ಅಲ್ಲ, ಕೂಡಿಹಾಕಿ ಅನ್ನ ನೀರು ಕೊಡದೆ ಇದ್ದುದಕ್ಕೆ. ನಾವು ಕೊಡುತ್ತೇವಲ್ಲ! ಅಮ್ಮಿ ಇನ್ನೊಂದು ಹದೀಸ್ ತಂದರು. ಅಬೂ ಕತಾದಾ(ರ) ವುಝೂ ಮಾಡಲು ಇಟ್ಟಿದ್ದ ನೀರಿನ ಪಾತ್ರೆಯನ್ನು ಬೆಕ್ಕು ಕುಡಿಯಲೆಂದು ಓರೆ ಮಾಡಿ ಹಿಡಿದರಂತೆ. ಸೊಸೆ ಬೆರಗಾಗಿ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತಮುತ್ತ ತಿರುಗಾಡುವ ಜೀವಿಗಳಲ್ಲೊಂದು ಎಂದು ಪ್ರವಾದಿ(ಸ) ಹೇಳಿದ್ದನ್ನು ಅವರು ತಿಳಿಸಿದರು. "ನೋಡಿ, ತಿರುಗಾಡುವುದು ಅದರ ಗುಣ" ಎಂದರು ಅಮ್ಮಿ. "ನಮ್ಮ ಸುತ್ತ ತಿರುಗಲಿ ಅಮ್ಮಿ, ಅಜ್ಜಿಯ ಕೋಳಿಗಳ ಸುತ್ತ ಯಾಕೆ?" ಎಂದು ನಾವು ನಕ್ಕೆವು. ವಾದದಲ್ಲಿ ಗೆದ್ದೆವು ಎಂದೇ ಅಂದುಕೊಂಡೆವು.

ಆರು ತಿಂಗಳು ಮುನ್ನಿ ಒಳಗೇ ಇತ್ತು. ಮೊದಲ ವಾರ ಬಾಗಿಲು ಕೆರೆಯಿತು, ರಾತ್ರಿಯೆಲ್ಲ ಕೂಗಿತು, ಜಾನಮಾಝಿನ ಮೇಲೆ ಗಲೀಜು ಮಾಡಿತು. ಆಮೇಲೆ ಸುಮ್ಮನಾಯಿತು. ಒಗ್ಗಿಕೊಂಡಿತು ಎಂದು ನಾವು ಸಮಾಧಾನಪಟ್ಟೆವು. ದಿನಕ್ಕೆ ಎರಡು ಹೊತ್ತು ಹಾಲು-ಅನ್ನ, ಕೆಲವೊಮ್ಮೆ ಮೊಸರನ್ನ. ಶುಕ್ರವಾರ ಬಿರಿಯಾನಿಯ ಮೂಳೆ. ಆದರೆ ಅದರ ಕೂದಲು ಉದುರತೊಡಗಿತು, ಹೊಟ್ಟೆ ಪದೇಪದೇ ಕೆಡುತ್ತಿತ್ತು, ದಾರದ ಉಂಡೆ ಉರುಳಿಸಿದರೂ ಏಳುತ್ತಿರಲಿಲ್ಲ. ಪಶುವೈದ್ಯರ ಬಳಿಗೆ ಒಯ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಏನು ಹಾಕುತ್ತೀರಿ?" ಹೇಳಿದೆವು. "ಇದು ಹಸುವಲ್ಲ" ಎಂದರು ಅವರು.

ಆಗ ತಿಳಿದ ವಿಷಯ ನಮ್ಮಂತೆ ಬೆಕ್ಕು ಸಾಕುವ ಹಲವರಿಗೆ ತಿಳಿದಿರಲಾರದು. ನಾಯಿ ಅನ್ನ, ಮುದ್ದೆ ತಿಂದು ಹೇಗೋ ಬದುಕಬಲ್ಲದು. ಬೆಕ್ಕಿಗೆ ಮಾಂಸವಿಲ್ಲದೆ ಆಗದು. ಟಾರಿನ್ ಎಂಬ ಒಂದು ಪೋಷಕಾಂಶವನ್ನು ಅದರ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನಿನಿಂದಲೇ ಬರಬೇಕು. ಬಹುಕಾಲ ಕೊರತೆಯಾದರೆ ಕಣ್ಣು ಕೆಡುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಅಮೆರಿಕದ ಸಂಶೋಧಕರು ಹೃದಯದ ಈ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ನಂಟನ್ನು ತೋರಿಸಿದ್ದು 1987ರಲ್ಲಿ. ಇನ್ನು ಹಾಲಂತೂ ಬೆಳೆದ ಅನೇಕ ಬೆಕ್ಕುಗಳಿಗೆ ಜೀರ್ಣವೇ ಆಗುವುದಿಲ್ಲವಂತೆ. ಬೆಕ್ಕೆಂದರೆ ಹಾಲು ಎಂದು ಚಿಕ್ಕಂದಿನಿಂದ ನಂಬಿಕೊಂಡು ಬಂದವರು ನಾವು! ಕೃಷ್ಣದೇವರಾಯ ಬೆಕ್ಕಿನ ಜೊತೆಗೆ ಹಾಲಿಗೆಂದು ಹಸುವನ್ನೂ ಕೊಟ್ಟ ತೆನಾಲಿ ರಾಮಕೃಷ್ಣನ ಕತೆಯನ್ನು ಕೇಳದ ಕನ್ನಡ ಮಕ್ಕಳುಂಟೇ?

ಹಾಗಾದರೆ ಅಮ್ಮಿಯ ತವರಿನ ಬೆಕ್ಕುಗಳು ಹಾಲು-ಅನ್ನದಲ್ಲಿ ಹೇಗೆ ಗಟ್ಟಿಮುಟ್ಟಾಗಿದ್ದವು? ಉತ್ತರ ಅಟ್ಟದ ಮೇಲಿತ್ತು. ಅವುಗಳ ನಿಜವಾದ ಊಟ ಚಿಪ್ಪಿನಲ್ಲಿರಲಿಲ್ಲ, ಇಲಿಯಲ್ಲಿ, ಓತಿಕೇತದಲ್ಲಿ, ಮಿಡತೆಯಲ್ಲಿತ್ತು. ಮನೆಯವರು ಇಡುತ್ತಿದ್ದದ್ದು ಬರೀ ಋಣದ ತುತ್ತು. ನಾವು ಬಾಗಿಲು ಮುಚ್ಚಿ ಆ ಊಟವನ್ನು ಕಿತ್ತುಕೊಂಡು, ಚಿಪ್ಪನ್ನು ಮಾತ್ರ ಉಳಿಸಿದ್ದೆವು. ಮನೆಗೆ ಬಂದು ಹದೀಸನ್ನು ಮತ್ತೊಮ್ಮೆ ತೆಗೆದು ನೋಡಿದೆವು. ಆಕೆ ಅದಕ್ಕೆ ತಿನ್ನಲು ಕುಡಿಯಲು ಕೊಡಲಿಲ್ಲ ಎಂಬಲ್ಲಿಗೆ ಅದು ಮುಗಿಯುವುದಿಲ್ಲ. ನೆಲದ ಮೇಲಿನ ಸಣ್ಣಪುಟ್ಟ ಜೀವಿಗಳನ್ನು ಹಿಡಿದು ತಿನ್ನಲೂ ಬಿಡಲಿಲ್ಲ ಎಂಬ ಮಾತೂ ಅಲ್ಲಿದೆ. ಅಮ್ಮಿಯೊಡನೆ ವಾದ ಮಾಡುವಾಗ ಆ ಕೊನೆಯ ಮಾತನ್ನು ನಾವು ಗಮನಿಸಿಯೇ ಇರಲಿಲ್ಲ.

ಹಾಗೆಂದು ಬಾಗಿಲು ತೆರೆದುಬಿಡುವುದು ಸುಲಭವೇ? ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಆ ದೇಶದಲ್ಲಿ ಹೊರಗೆ ತಿರುಗುವ ಬೆಕ್ಕುಗಳಿಂದ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳು ಸಾಯುತ್ತವೆ ಎಂದು ಅಂದಾಜು ಮಾಡಿತು. ಬಹುಪಾಲು ಕೊಲ್ಲುವುದು ಮನೆಯಿಲ್ಲದ ಬೆಕ್ಕುಗಳು ಎಂದೂ ಅದೇ ಅಧ್ಯಯನ ಹೇಳಿದೆ. ಜರ್ಮನಿಯ ವಾಲ್‌ಡಾರ್ಫ್ ಎಂಬ ಪಟ್ಟಣದಲ್ಲಿ 2022ರಲ್ಲಿ, ನೆಲದಲ್ಲಿ ಗೂಡು ಕಟ್ಟುವ ಒಂದು ಜುಟ್ಟಿನ ಹಕ್ಕಿ ಮರಿ ಮಾಡುವ ಕಾಲದಲ್ಲಿ ಬೆಕ್ಕುಗಳನ್ನು ಆಗಸ್ಟ್ ಕೊನೆಯವರೆಗೆ ಮನೆಯೊಳಗೇ ಇಡಬೇಕೆಂದು ಆಡಳಿತ ಆದೇಶ ಮಾಡಿತ್ತು. ಅಂಥ ಆದೇಶ ನಮ್ಮಲ್ಲಿ ನಡೆಯುವ ಮಾತಲ್ಲ, ಇಲ್ಲಿ ಬೀದಿನಾಯಿಗಳ ಗೋಳೇ ಮುಗಿದಿಲ್ಲ. ಆದರೆ ನಮ್ಮ ಬೀದಿಯ ಟಿಟ್ಟಿಭಕ್ಕೂ ಮೊಟ್ಟೆಯಿಡಲು ಇರುವುದು ಅದೇ ನೆಲ ತಾನೇ? ಸೋಂಕಿನ ಭಯವೂ ಇದೆ. 2025ರ ಜನವರಿಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಬೆಕ್ಕುಗಳಿಗೆ ಎಫ್‌ಪಿವಿ ಎಂಬ ಸೋಂಕು ಹರಡಿ ಹಲವು ಸತ್ತ ಸುದ್ದಿ ಬಂದಾಗ, ಮುನ್ನಿಗೆ ಲಸಿಕೆ ಹಾಕಿಸಿಲ್ಲವೆಂಬುದು ನಮಗೆ ನೆನಪಾಯಿತು. ಅದು ಮನುಷ್ಯರಿಗೆ ಅಂಟುವ ರೋಗವಲ್ಲ. ರೇಬೀಸ್ ಹಾಗಲ್ಲ, ಅದು ಬೆಕ್ಕಿನಿಂದಲೂ ಬರಬಹುದು.

ಈ ನಡುವೆ ಇನ್ನೊಂದು ಘಟನೆ ನಡೆಯಿತು. ಒಂದು ರಾತ್ರಿ ಯಾರೋ ಬಾಗಿಲು ತೆರೆದಾಗ ಮುನ್ನಿ ಹೊರಗೆ ನುಸುಳಿತು. ಅಮ್ಮಿ ನಮಗೆ ಹೇಳದೆ ಅದನ್ನು ಹುಡುಕಿಕೊಂಡು ರಸ್ತೆಗೆ ಹೋದರು. ಅಲ್ಲಿ ಸುರಿದಿದ್ದ ಜಲ್ಲಿಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಹಿಂದಿನಿಂದ ಲಾರಿಯೊಂದು ಬರುತ್ತಿತ್ತು. ಅಲ್ಲಾಹನ ದಯೆ, ಚಾಲಕ ನೋಡಿ ನಿಲ್ಲಿಸಿದ. ಆಸ್ಪತ್ರೆಯಿಂದ ಬಂದ ಮರುದಿನ ನಾವು ಗೇಟಿಗೆ ಬೀಗ ಹಾಕಿಸಿದೆವು. ಅಮ್ಮಿ ದಿನಾ ಮಧ್ಯಾಹ್ನ ಅಜ್ಜಿಯ ಮನೆಗೆ ಹೋಗಿ ಎಲೆಅಡಿಕೆ ಹಾಕಿಕೊಂಡು ಒಂದು ಗಂಟೆ ಮಾತಾಡಿ ಬರುತ್ತಿದ್ದರು. ಅದೂ ನಿಂತಿತು. ಒಂದು ಸಂಜೆ ಮುನ್ನಿಯನ್ನು ತೊಡೆಯ ಮೇಲೆ ಹಾಕಿಕೊಂಡು, "ಇದಕ್ಕೂ ಬೀಗ, ನನಗೂ ಬೀಗ" ಎಂದರು. ತಮಾಷೆಗೇ ಅಂದದ್ದು. ನಮಗೆ ನಗಲು ಆಗಲಿಲ್ಲ.

ಆ ತಿಂಗಳಲ್ಲೇ ಮೇಸ್ತ್ರಿಯನ್ನು ಕರೆಸಿದೆವು. ಹಿತ್ತಲಿನ ಒಂದು ಪಾಲಿಗೆ, ಸೀಬೆಗಿಡವೂ ಸೇರುವಂತೆ, ನಾಲ್ಕೂ ಕಡೆ ಮತ್ತು ಮೇಲೆ ಕಬ್ಬಿಣದ ಜಾಲರಿ ಹಾಕಿಸಿದೆವು. ಅಡುಗೆಮನೆಯ ಹಿಂಬಾಗಿಲಿನಿಂದ ಮುನ್ನಿ ಅಲ್ಲಿಗೆ ಹೋಗುತ್ತದೆ, ಗಿಡ ಹತ್ತುತ್ತದೆ, ಮಣ್ಣು ಕೆರೆಯುತ್ತದೆ, ಹಲ್ಲಿ ಮಿಡತೆ ಹಿಡಿಯುತ್ತದೆ. ಮಗ್ರಿಬ್ ಆದ ಮೇಲೆ ಮನೆಯೊಳಗೆ. ಕೋಳಿ ಅಂಗಡಿಯವರು ಕೊಡುವ ಕತ್ತು, ಹೃದಯ, ವಾರದಲ್ಲಿ ಎರಡು ದಿನ ಸಣ್ಣ ಮೀನು, ಇದು ಈಗ ಅದರ ಊಟ. ಹಾಲಿನ ಖರ್ಚಿಗಿಂತ ಹೆಚ್ಚೇನೂ ಆಗಿಲ್ಲ. ಲಸಿಕೆಗಳಾಗಿವೆ. ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಮಾತ್ರ ಅಮ್ಮಿ ಹಿಂದೇಟು ಹಾಕಿದರು, ಅಲ್ಲಾಹನ ಸೃಷ್ಟಿಯಲ್ಲಿ ಕೈಹಾಕಿದಂತಲ್ಲವೇ ಎಂದು. ಮಸೀದಿಯ ಹಝ್ರತರನ್ನು ಕೇಳಿದೆವು. ಪ್ರಾಣಿಗೆ ಹಾನಿಯಾಗದೆ, ಅದರಿಂದ ಪ್ರಯೋಜನವಿದ್ದರೆ ಅಡ್ಡಿಯಿಲ್ಲ ಎಂದರು. ಎರಡು ತಿಂಗಳಿಗೆ ಮರಿ ಹಾಕಿ, ಅವನ್ನು ಚೀಲದಲ್ಲಿ ತುಂಬಿ ಮಾರುಕಟ್ಟೆಯ ಬಳಿ ಬಿಟ್ಟು ಬರುವವರನ್ನು ಅಮ್ಮಿಯೂ ಕಂಡಿದ್ದರು. ಒಪ್ಪಿದರು.

ತೋಟದ ಮನೆಯಲ್ಲಿ, ಲಾರಿಯೂ ವಿಷವೂ ನೆರೆಯವರ ಕೋಳಿಯೂ ಇಲ್ಲದ ಕಡೆ, ನಾವು ಇದನ್ನೆಲ್ಲ ಮಾಡುತ್ತಿರಲಿಲ್ಲ. ಅಲ್ಲಿ ಬೆಕ್ಕು ಹೊರಗೇ ಇರಲಿ. ಸತ್ಯಮಂಗಲದಲ್ಲಿ ಆಗದು.

ಅದೇ ಮೇಸ್ತ್ರಿಯ ಕೈಯಲ್ಲಿ ಇನ್ನೊಂದು ಕೆಲಸವೂ ಆಯಿತು. ಎರಡು ಮನೆಗಳ ನಡುವಿನ ಕಾಂಪೌಂಡಿನಲ್ಲಿ ಆಳೆತ್ತರದ ಒಂದು ಬಾಗಿಲು. ಅಜ್ಜಿಯೇ ಗೋಡೆ ಒಡೆಯಲು ಒಪ್ಪಿದರು. ಈಗ ಅಮ್ಮಿ ರಸ್ತೆಗೆ ಇಳಿಯದೆ ಅವರ ಜಗಲಿಗೆ ಹೋಗುತ್ತಾರೆ. ಆ ಎರಡು ಮರಿಗಳಿಗೆ ದುಡ್ಡು ಕೊಡಲು ಹೋದಾಗ ಅಜ್ಜಿ ಮುಟ್ಟಿರಲಿಲ್ಲ. ಮರಿ ಮುಚ್ಚಲು ಒಂದು ದೊಡ್ಡ ಮಂಕರಿ ತಂದುಕೊಟ್ಟಾಗ ಮಾತ್ರ ತೆಗೆದುಕೊಂಡರು.

ಕಳೆದ ವಾರ ಜಾಲರಿಯ ಮೂಲೆ ಸಡಿಲವಾಗಿ ಮುನ್ನಿ ಮತ್ತೆ ತಪ್ಪಿಸಿಕೊಂಡಿತು. ಮೂರು ಗಂಟೆ ಹುಡುಕಿದೆವು. ಕೊನೆಗೆ ಅದು ತಾನಾಗಿಯೇ ಬಂದು ಅಡುಗೆಮನೆಯ ಹಿಂಬಾಗಿಲಲ್ಲಿ ಕುಳಿತಿತ್ತು. ಅಮ್ಮಿ ಮೊದಲು ಮಾಡಿದ ಕೆಲಸ ನಡುಬಾಗಿಲು ತೆರೆದು, "ಅಕ್ಕಾ, ಮರಿ ಎಣಿಸಿ ನೋಡಿ" ಎಂದು ಕೂಗಿದ್ದು. ಆಚೆಯಿಂದ ಮಂಕರಿ ಎತ್ತಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ದನಿ: "ಲೆಕ್ಕ ಸರಿಯಾಗೈತೆ ಬೂಬಮ್ಮ."