ಬಾಟಾ ಚೌಕದಿಂದ ಅಕ್ಕನಿಗೆ

ಫರೀದಾಬಾದ್, ರಾತ್ರಿ ಒಂದೂವರೆ

ಅಕ್ಕ,

ನಿನ್ನ ತಮ್ಮ ಕ್ಷೇಮ. ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದಾನೆ ಅಂತ ಅಮ್ಮನಿಗೆ ಹೇಳು. ಸೂರಜ್‌ಕುಂಡ ನೋಡಿದ್ದಾಯಿತು, ಹಳೇ ಕಲ್ಲಿನ ಮೆಟ್ಟಿಲು, ಫೋಟೊ ಕಳಿಸಿದ್ದಾನೆ. ಅಲ್ಲೇ 1987ರಿಂದ ನಡೆದುಬಂದಿರುವ ಕರಕುಶಲ ಮೇಳ. ಚನ್ನಪಟ್ಟಣದ ಗೊಂಬೆಗೆ ಇಲ್ಲಿ ಡಬಲ್ ರೇಟು, ಪುಟ್ಟಿಗೆ ಊರಲ್ಲೇ ಕೊಡಿಸು.

ಅವನನ್ನು ಹಿಡಿದು ನಿಲ್ಲಿಸಿದ್ದು ಬಂಗಾಳದ ನಯಾ ಗ್ರಾಮದ ಪಟುವಾ ಹೆಂಗಸು. ಸುರುಳಿ ಬಿಚ್ಚುತ್ತ, ಒಂದೊಂದು ಚೌಕಕ್ಕೂ ಬೆರಳಿಟ್ಟು ಹಾಡುತ್ತಾರೆ. ಕಾಗದದ ಬೆನ್ನಿಗೆ ಹಳೇ ಸೀರೆ, ನೀಲಿಗೆ ಶಂಖಪುಷ್ಪ, ಬಣ್ಣ ಹಿಡಿಯಲು ಬಿಲ್ವದ ಕಾಯಿಯ ಅಂಟು. ಪಟುವಾಗಳು ಮುಸಲ್ಮಾನರು, ಹಾಡುವುದು ಮನಸಾದೇವಿ, ರಾಮಾಯಣ, ಜೊತೆಗೆ 2004ರ ಸುನಾಮಿ, ನ್ಯೂಯಾರ್ಕಿನ ಅವಳಿ ಗೋಪುರ. ರಷ್ಯದ ಸಂಗೀತಗಾರ ಮುಸೋರ್ಗ್‌ಸ್ಕಿ 1874ರಲ್ಲಿ, ತೀರಿಹೋದ ಗೆಳೆಯ ಹಾರ್ಟ್‌ಮನ್‌ನ ಚಿತ್ರಗಳನ್ನು ಪಿಯಾನೊಗೆ ಇಳಿಸಿದ. ಇಲ್ಲಿ ಬರೆದವರೇ ಹಾಡುತ್ತಾರೆ, ನಡುವೆ ಚೌಕಾಸಿಯೂ ನಡೆಯುತ್ತದೆ.

ವಾಪಸ್ ಬರಲು ಆಟೊದವರೆಲ್ಲ ಮೂರು ಪಟ್ಟು ಕೇಳಿದರು. ಪಕ್ಕದಲ್ಲಿ ಹಾಡು ಕೇಳುತ್ತಿದ್ದ ಯಜಮಾನರೊಬ್ಬರು ಸ್ಕೂಟರಿನಲ್ಲಿ ಕೂರಿಸಿಕೊಂಡು, ಎನ್‌ಐಟಿ ಬಡಾವಣೆಯ ಐದನೇ ನಂಬರಿನ ತಮ್ಮ ಮನೆಗೇ ಕರೆದೊಯ್ದರು. ಆಲೂ ಪರಾಟ. ಒಂದರ ಬೆಣ್ಣೆ ಕರಗುವುದರೊಳಗೆ ಇನ್ನೊಂದು. ಸಾಕೆಂದರೆ ಅವರ ಹೆಂಡತಿಗೆ ಕಿವಿಯೇ ಕೇಳಿಸುವುದಿಲ್ಲ! (ಭಾವನ ಶುಗರ್ ರಿಪೋರ್ಟ್ ಬಂತಾ?)

ಅವರ ಮನೆತನ ದೇಶವಿಭಜನೆಯಲ್ಲಿ ಬನ್ನೂ ಬಿಟ್ಟು ಬಂದದ್ದು. ವಾಯವ್ಯ ಗಡಿಯ ನಿರಾಶ್ರಿತರಿಗಾಗಿಯೇ ಈ ಹೊಸ ಊರು ಎದ್ದಿತು. ಅವರ ಸಹಕಾರ ಸಂಘಗಳನ್ನು ಕಟ್ಟಿಸಿದವರು ಯಾರು ಗೊತ್ತಾ? ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ! ಮುಂದೆ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದವರೂ ಅವರೇ. ಆಮೇಲೆ ಬಂದದ್ದು ದೊಡ್ಡ ಕಾರ್ಖಾನೆಗಳ ಕಾಲ: ಬಾಟಾ ಚಪ್ಪಲಿ, ಎಸ್ಕಾರ್ಟ್ಸ್ ಟ್ರ್ಯಾಕ್ಟರು, ರಾಜ್‌ದೂತ್ ಮೋಟರ್‌ಸೈಕಲ್ಲು. ಈಗ ಮೆಟ್ರೊ ನಿಲ್ದಾಣಗಳಿಗೂ ಅವೇ ಹೆಸರು: ಬಾಟಾ ಚೌಕ್, ಎಸ್ಕಾರ್ಟ್ಸ್ ಮುಜೇಸರ್.

ಯಜಮಾನರು ರಾಜ್‌ದೂತ್‌ಗೆ ಮಡ್‌ಗಾರ್ಡ್ ಒತ್ತುತ್ತಿದ್ದ ಸಣ್ಣ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದರಂತೆ. ಪ್ರೆಸ್ಸಿಗೆ ಸಿಕ್ಕ ಬಲಗೈ ಹೆಬ್ಬೆರಳಿಗೆ ಇನ್ನೂ ಉಗುರಿಲ್ಲ. ಆ ಬೈಕ್ ನಿಂತಿತು, ಶೆಡ್ಡೂ ಮುಚ್ಚಿತು. ಈಗ ಅಲ್ಲಿ ಮದುವೆ ಹಾಲ್. 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದನ್ನು ಹೇಳಿದಾಗ, ಪರಾಟ ಕೈಯಲ್ಲೇ ಹಿಡಿದು ಯೆಜ್ಡಿಯ ಕಿಕ್ಕರ್ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಭಾವನ ಎದುರು ಕೂರಿಸಿದ್ದರೆ ಬೆಳಗಾಗಿಬಿಡುತ್ತಿತ್ತು.

ಮೇಳದಲ್ಲಿ ಆ ಹೆಂಗಸನ್ನು ಅವರು ಕೇಳಿದ್ದರು: “ಬೀಬಿ, ನಮ್ಮ ಶಿಫ್ಟಿನ ಸೈರನ್ ಮೇಲೂ ಒಂದು ಹಾಡು ಮಾಡ್ತೀರಾ?”

“ಕಥೆ ಹೇಳಿ. ಎಷ್ಟು ಚೌಕ?”

ಅವರು ಬೆರಳು ಮಡಿಸಿ ಎಣಿಸತೊಡಗಿದರು: ಗೇಟು, ಹಾಜರಿ ಕಾರ್ಡು, ಪ್ರೆಸ್ಸು, ಕ್ಯಾಂಟೀನಿನ ಚಹಾ, ಬೋನಸ್ಸಿನ ದಿನ, ಬೀಗ. ಬೀಗಕ್ಕೇ ಮುಗಿಸಿದರೆ ಹಾಡು ನಿಲ್ಲುವುದಿಲ್ಲ, ಇನ್ನೊಂದು ಚೌಕ ಬೇಕು ಅಂತ ಆಕೆಯ ಹಟ. ನಾಳೆ ಹೇಳುತ್ತೇನೆಂದು ಬಂದವರು ಊಟದ ಮಧ್ಯೆಯೂ ಅದನ್ನೇ ಯೋಚಿಸುತ್ತಿದ್ದರು. ಮದುವೆ ಹಾಲ್ ಹಾಕಿ ಅಂತ ಅವರ ಹೆಂಡತಿ. ಹಾಂ, ಅಪ್ಪನ ಪಿಂಚಣಿಯ ಜೀವನ ಪ್ರಮಾಣಪತ್ರ ಬೀರುವಿನ ಮೇಲಿನ ಖಾನೆಯಲ್ಲಿದೆ, ಅದರ ಜೊತೆ ಆಧಾರ್ ಜೆರಾಕ್ಸ್ ಕೂಡ ಇಡು, ಮತ್ತೆ ಬ್ಯಾಂಕಿನವರು ಕೇಳಿದರೆ...