ಒಂದು ಕಳೆಯುವ ಲೆಕ್ಕ

2012ರಲ್ಲಿ ಒಂದು ರಾತ್ರಿ ಎರಡೂವರೆಗೆ ಫೋನ್ ಬಂತು. ರಾತ್ರಿ ಓಡುವ ಬ್ಯಾಚ್ ನಿಂತುಹೋಗಿದೆ ಅಂದರು. ಮಗು ಆಗಷ್ಟೇ ಮಲಗಿತ್ತು. ಅಡುಗೆಮನೆಗೆ ಹೋಗಿ ಮೆಲ್ಲಗೆ ಮಾತಾಡಿ, ಬೈಕ್ ತೆಗೆದೆ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಲ್ಲ ತಂಡಗಳೂ ಬಳಸುವ ಜಾವಾ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತಿದ್ದೆ. ಪಟ್ಟಿ, ಸೆಟ್, ಮ್ಯಾಪ್‌ಗಳನ್ನು ವಿಂಗಡಿಸುವುದು, ಹೋಲಿಸುವುದು, ಅವುಗಳಲ್ಲಿ ಹುಡುಕುವುದು, ಇಂಥ ಚಿಲ್ಲರೆ ಕೆಲಸಗಳು. 2009ರಲ್ಲಿ ಹೆಚ್ಚುಕಮ್ಮಿ ನಾನೊಬ್ಬನೇ ಬರೆದದ್ದು. ಅದನ್ನು ಯಾರೂ ಹೊಗಳುತ್ತಿರಲಿಲ್ಲ. ಯಾರೂ ತೆರೆದು ನೋಡುತ್ತಲೂ ಇರಲಿಲ್ಲ. ನನಗೂ ಅದೇ ಹಿತವಾಗಿತ್ತು.

ಆ ವಾರ ಜಾವಾ 6ರಿಂದ 7ಕ್ಕೆ ಬದಲಾಗಿದ್ದೆವು. ಬದಲಾವಣೆಯ ಕೆಲಸ ಮಾಡಿದ್ದವಳು ಸೇರಿ ಒಂದು ವರ್ಷವಾಗಿದ್ದ ಹುಡುಗಿ. ನಾನು ಹೋದಾಗ ಅವಳು ಸ್ಕ್ರೀನ್ ಮುಂದೆ ಕೂತಿದ್ದಳು. ಹಿಂದೆ ಇಬ್ಬರು ಮ್ಯಾನೇಜರ್‌ಗಳು ನಿಂತಿದ್ದರು. ‘ಏನೇನು ಬದಲಾಯಿಸಿದೆ, ಸರಿಯಾಗಿ ನೆನಪು ಮಾಡಿಕೋ’ ಎಂದು ಒಬ್ಬರು ಮತ್ತೆ ಮತ್ತೆ ಕೇಳುತ್ತಿದ್ದರು.

ಲಾಗಿನಲ್ಲಿ ಒಂದೇ ಸಾಲು. ಹೋಲಿಸುವ ವಿಧಾನ ತನ್ನ ಕರಾರನ್ನು ಮುರಿದಿದೆ ಎಂಬರ್ಥದ್ದು. ಯಾವ ವಿಧಾನ, ಯಾರು ಬರೆದದ್ದು ಎಂದು ಅದು ಹೇಳುವುದಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ. ನನ್ನ ಜಾಗಕ್ಕೆ ಹೋಗಿ ಫೈಲ್ ತೆರೆದೆ. ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂದು ತಿಳಿಯಲು ಒಂದರಿಂದ ಇನ್ನೊಂದನ್ನು ಕಳೆದಿದ್ದೆ. ಉತ್ತರ ಮೈನಸ್ ಬಂದರೆ ಮೊದಲನೆಯದು ಚಿಕ್ಕದು. ಬಹಳ ಜನ ಹೀಗೇ ಬರೆಯುತ್ತಿದ್ದರು. ಬರೆದ ದಿನ ಚುಟುಕಾಗಿದೆ ಎಂದು ಖುಷಿಯಾಗಿತ್ತು.

ಜಾವಾದ ಸಾಮಾನ್ಯ ಪೂರ್ಣಾಂಕ ಮೈನಸ್ 2147483648ರಿಂದ 2147483647ರವರೆಗೆ ಮಾತ್ರ. ದಾಟಿದರೆ ಅದು ತಪ್ಪು ಎನ್ನುವುದಿಲ್ಲ, ಸುತ್ತಿಕೊಂಡು ಆ ಕಡೆಯಿಂದ ಬರುತ್ತದೆ. 200 ಕೋಟಿಯಿಂದ ಮೈನಸ್ 200 ಕೋಟಿ ಕಳೆದರೆ 400 ಕೋಟಿ ಬರಬೇಕು. ಬರುವುದು ಮೈನಸ್ 29,49,67,296. ಅಂದರೆ ದೊಡ್ಡದು ಚಿಕ್ಕದಾಯಿತು. ನಡುವೆ ಸೊನ್ನೆ ಇಟ್ಟು ನೋಡಿದರೆ ಇನ್ನೂ ಕೆಟ್ಟದು. 200 ಕೋಟಿ ಸೊನ್ನೆಗಿಂತ ದೊಡ್ಡದು, ಸೊನ್ನೆ ಮೈನಸ್ 200 ಕೋಟಿಗಿಂತ ದೊಡ್ಡದು, ಆದರೆ 200 ಕೋಟಿ ಮೈನಸ್ 200 ಕೋಟಿಗಿಂತ ಚಿಕ್ಕದು. ಇಂಥ ಮೂರನ್ನು ಯಾವ ಸಾಲಿನಲ್ಲೂ ನಿಲ್ಲಿಸಲಾಗುವುದಿಲ್ಲ. ನಮ್ಮ ಖಾತೆಗಳ ಗುರುತುಸಂಖ್ಯೆ ಹ್ಯಾಶ್‌ನಿಂದ ಹುಟ್ಟಿದ್ದು. ಅವು ಈ ತುದಿಯಿಂದ ಆ ತುದಿಯವರೆಗೆ ಹರಡಿಕೊಂಡಿದ್ದವು.

ಜಾವಾ 6ರ ವಿಂಗಡಣೆ ಇದನ್ನು ಕೇಳುತ್ತಲೇ ಇರಲಿಲ್ಲ. ತಪ್ಪು ಸಾಲನ್ನೇ ಕೊಟ್ಟು ಸುಮ್ಮನಾಗುತ್ತಿತ್ತು. 7ರಲ್ಲಿ ಬಂದ ಟಿಮ್‌ಸಾರ್ಟ್ ಕೆಲವೊಮ್ಮೆ ಹಿಡಿಯುತ್ತದೆ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಮಾಡಿದ್ದು ಅದು. ಪಟ್ಟಿಯಲ್ಲಿ 32ಕ್ಕಿಂತ ಕಡಿಮೆ ಇದ್ದರೆ ಹಿಡಿಯುವ ಹಂತಕ್ಕೇ ಹೋಗುವುದಿಲ್ಲ. ನನ್ನ ಟೆಸ್ಟುಗಳಲ್ಲಿ ಅತಿ ದೊಡ್ಡ ಪಟ್ಟಿ ಏಳು ಸಂಖ್ಯೆಗಳದ್ದು. ಮೂರು, ಒಂದು, ಐದು, ಹೀಗೆ. ಅಪ್‌ಗ್ರೇಡ್ ಆದಮೇಲೂ ಎಲ್ಲ ಹಸಿರಾಗಿಯೇ ಇದ್ದವು.

ಇಷ್ಟು ಗೊತ್ತಾದಾಗ ಮೂರೂಕಾಲು. ಐದು ಗಂಟೆ ದಾಟುವವರೆಗೆ ನಾನು ಯಾರಿಗೂ ಹೇಳಲಿಲ್ಲ.

ಅದಕ್ಕೆ ಕಾರಣ ಹುಡುಕಿಕೊಂಡಿದ್ದೆ. ಮೊದಲು ಬ್ಯಾಚ್ ಓಡಲಿ, ಆಮೇಲೆ ಹೇಳೋಣ ಎಂದು. ಹಳೆಯ ವಿಂಗಡಣೆಯನ್ನೇ ಬಳಸು ಎಂದು ಜಾವಾಗೆ ಹೇಳುವ ಒಂದು ಸ್ವಿಚ್ ಇತ್ತು. ಅದನ್ನು ಹಾಕಿಸಿದೆ. ಬ್ಯಾಚ್ ಓಡಿತು. ತಪ್ಪು ಹಾಗೇ ಉಳಿಯಿತು, ಬಾಯಿ ಮುಚ್ಚಿಕೊಂಡಿತು ಅಷ್ಟೆ. ಎಲ್ಲರೂ ನನಗೆ ಥ್ಯಾಂಕ್ಸ್ ಹೇಳಿದರು. ಅವಳು ಮಾತ್ರ ತನ್ನ ಬದಲಾವಣೆಗಳ ಪಟ್ಟಿಯನ್ನು ಮೇಲಿಂದ ಮತ್ತೆ ಓದುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಕೆಲಸ ಹೋಗುತ್ತದೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು, ಆ ಸಾಲು ಮೂರು ವರ್ಷದಲ್ಲಿ ಎಲ್ಲೆಲ್ಲಿ ಏನೇನು ಮಾಡಿದೆಯೋ ಎಂಬುದು.

ಐದೂವರೆಗೆ ಸೆಕ್ಯೂರಿಟಿಯವರು ಫ್ಲಾಸ್ಕಿನಲ್ಲಿ ಚಹಾ ತಂದರು. ಕೇಳದೆಯೇ ನನಗೂ ಒಂದು ಲೋಟ ಇಟ್ಟರು. ಅದನ್ನು ಕುಡಿದು ಎದ್ದು ಹೋಗಿ ಅವಳಿಗೆ ಮೊದಲು ಹೇಳಿದೆ.

‘ಹಾಗಾದ್ರೆ ಇದು ನನ್ನ ತಪ್ಪಲ್ವಾ ಸರ್?’ ಅಂದಳು.

ಅಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಇನ್ನೊಮ್ಮೆ ಕೇಳಿದಳು. ಆಮೇಲೆ ಮ್ಯಾನೇಜರ್‌ಗಳಿಗೆ ಹೇಳಿದೆ. ಮೂರೂಕಾಲಿಗೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಒಬ್ಬರು ಏನೂ ಅನ್ನಲಿಲ್ಲ. ಇನ್ನೊಬ್ಬರು ಆಮೇಲೆ ಬಹಳ ದಿನ ನನ್ನ ಜೊತೆ ಕೆಲಸದ ಮಾತಷ್ಟೇ ಆಡಿದರು.

ಸಾಲನ್ನು ಸರಿಪಡಿಸಲು ಒಂದು ನಿಮಿಷ ಸಾಕಾಯಿತು. ಟೆಸ್ಟುಗಳನ್ನು ಮತ್ತೆ ಬರೆಯಲು ಏಳು ವಾರ ಬೇಕಾಯಿತು. ನಾನೇ ಆರಿಸಿದ ಸಂಖ್ಯೆಗಳನ್ನು ಬಿಟ್ಟೆ. ಯಂತ್ರವೇ ಸಾವಿರಾರು ಸಂಖ್ಯೆ ಹುಟ್ಟಿಸಲಿ, ಎರಡು ತುದಿ, ಸೊನ್ನೆ, ಮೈನಸ್ ಒಂದು ತಪ್ಪದೆ ಇರಲಿ ಎಂದು ಮಾಡಿದೆ. ಯಾವ ಮೂರು ತೆಗೆದರೂ ಹೋಲಿಕೆ ಸುತ್ತು ಹೊಡೆಯಬಾರದು ಎಂಬುದು ಷರತ್ತು. ಎರಡನೇ ದಿನವೇ ಇನ್ನೊಂದು ಸಿಕ್ಕಿತು. ಅತಿ ಚಿಕ್ಕ ಪೂರ್ಣಾಂಕದ ಮೈನಸ್ ತೆಗೆಯಲು ಹೋದರೆ ಜಾವಾದಲ್ಲಿ ಅದು ಮೈನಸ್ ಆಗಿಯೇ ಉಳಿಯುತ್ತದೆ. ಅದನ್ನೂ ನಾನು ನಂಬಿ ಬಳಸಿದ್ದೆ. ಜಾವಾದ ಸ್ವಂತ ಬೈನರಿ ಸರ್ಚ್‌ನಲ್ಲೇ ಇಂಥ ಮಿತಿ ದಾಟುವ ತಪ್ಪಿತ್ತೆಂದು ಜೋಷುವಾ ಬ್ಲಾಕ್ 2006ರಲ್ಲಿ ಬರೆದಿದ್ದನ್ನು ಗೆಳೆಯನೊಬ್ಬ ಸಮಾಧಾನಕ್ಕೆ ತೋರಿಸಿದ. 2015ರಲ್ಲಿ ಟಿಮ್‌ಸಾರ್ಟ್‌ನಲ್ಲೂ ಒಂದು ದೋಷ ಸಿಕ್ಕಿತು. ಎರಡರಿಂದಲೂ ನನಗೆ ಸಮಾಧಾನವಾಗಲಿಲ್ಲ. ಅವರಾರೂ ಆ ರಾತ್ರಿ ಅಲ್ಲಿ ಸುಮ್ಮನೆ ಕೂತಿರಲಿಲ್ಲ.

ಆ ವಿಂಗಡಣೆಯನ್ನು ಬಳಸುತ್ತಿದ್ದ ಎಲ್ಲರನ್ನೂ ಹುಡುಕಿಕೊಂಡು ಹೋದೆ. ಕೊನೆಗೆ ಸಿಕ್ಕಿದ್ದು ಲೆಕ್ಕಪತ್ರ ವಿಭಾಗ. ಎರಡು ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ತಾಳೆ ನೋಡುವ ಪ್ರೋಗ್ರಾಂ ಅವರದ್ದು. ಸಾಲು ತಪ್ಪಿದರೆ ಇರುವ ಖಾತೆಯೂ ಇಲ್ಲ ಎಂದು ತೋರಿಸುತ್ತದೆ. ಅಲ್ಲಿದ್ದ ಮೇಡಂ ಡ್ರಾಯರಿನಿಂದ ಲಾಂಗ್ ನೋಟ್‌ಬುಕ್ ತೆಗೆದರು. ಪ್ರತಿ ತಿಂಗಳು ಹಾಗೆ ‘ಕಾಣೆಯಾದ’ ಖಾತೆಗಳನ್ನು ಕೈಯಲ್ಲಿ ಬರೆದು, ಹುಡುಕಿ, ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದ್ದರು. ಅಂಥವು ಮೂರು ಪುಸ್ತಕ. ತಿಂಗಳ ಕೊನೆಯ ಎರಡು ಶನಿವಾರ ಇದಕ್ಕೇ ಬರುತ್ತಿದ್ದೆ ಅಂದರು. ಕಂಪ್ಯೂಟರ್ ಹೀಗೇ ಇರುತ್ತೆ ಅಂದುಕೊಂಡಿದ್ದರಂತೆ.

ತಪ್ಪು ನನ್ನದು ಎಂದೆ.

‘ಹಾಗಾದ್ರೆ ಬರೋ ತಿಂಗಳಿಂದ ಇದು ಬೇಡ್ವಾ?’

‘ಬೇಡ ಮೇಡಂ.’

‘ಇರ್ಲಿ. ಒಂದೆರಡು ತಿಂಗಳು ಬರ್ದು ನೋಡ್ತೀನಿ’ ಎಂದು ಪುಸ್ತಕವನ್ನು ಮತ್ತೆ ಡ್ರಾಯರಿಗೆ ಇಟ್ಟರು. ನಾಲ್ಕು ತಿಂಗಳು ನೋಡಿದರು.